ಬೇಲಿ ಬೆಳೆದರೆ ಕಡಿಯುವವರು ಯಾರು?

ಅಕ್ಕಂದಿರೇ, ಈ ಸಲದ ಪಾಠ ಬೇಲಿಯದು.

ಬೇಲಿ ಎರಡಕ್ಷರದ ಪದ. ಬರೆಯುವುದು ಸುಲಭ. ಆದರೆ ಬೇಲಿಯ ಸಲುವಾಗಿ ಮಾತು ಬಿಟ್ಟ ಮನೆಗಳು ನಮ್ಮ ಕಡೆ ಎಷ್ಟಿಲ್ಲ! ಒಂದೇ ಬಾವಿಯ ನೀರು ಸೇದಿದವರು, ಒಂದೇ ಒರಳಲ್ಲಿ ಖಾರ ಕುಟ್ಟಿದವರು, ಒಂದು ಟೊಂಗೆಯ ಸಲುವಾಗಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅದಕ್ಕೇ ಈ ಪಾಠ.

ಶಹಾಪುರ, ಸುರಪುರದ ಕಡೆ ಕಲ್ಲಿಗೆ ಬರ ಇಲ್ಲ. ಊರೊಳಗೆ ಮನೆಗೆ ಮನೆ ಹತ್ತಿಕೊಂಡಿರುತ್ತವೆ. ನಡುವೆ ಕಲ್ಲಿನ ಗೋಡೆ. ಅಲ್ಲಿ ಬೇಲಿಯ ಮಾತೇ ಬರುವುದಿಲ್ಲ. ಬೇಲಿ ಬರುವುದು ಹಿತ್ತಲಿಗೆ, ದನದ ದೊಡ್ಡಿಗೆ, ಹೊಲದ ಬದುವಿಗೆ. ಊರ ಹೊರಗಿನ ಹೊಸ ಮನೆಗಳಿಗೂ ಬೇಲಿಯೇ ಗತಿ.

ನಮ್ಮ ಕಡೆಯ ಬೇಲಿಗಳು ಯಾವುವು? ನೀವೇ ಹೇಳಿರಿ. ಕಳ್ಳಿ ಬೇಲಿ. ಕತ್ತಾಳಿ ಬೇಲಿ. ಗೋರಂಟಿ ಬೇಲಿ. ಲಕ್ಕಿ ಗಿಡದ ಬೇಲಿ. ಕಡಿದ ಮುಳ್ಳು ಒಟ್ಟಿದ ಒಣ ಬೇಲಿ. ಇವೆಲ್ಲಕ್ಕಿಂತ ಹೆಚ್ಚು ಬಳ್ಳಾರಿ ಜಾಲಿ.

ಹೆಸರು ಬಳ್ಳಾರಿಯದು. ಆದರೆ ಈ ಗಿಡ ಬಳ್ಳಾರಿಯದಲ್ಲ, ನಮ್ಮ ದೇಶದ್ದೂ ಅಲ್ಲ. ಸಮುದ್ರದ ಆಚೆ ಅಮೆರಿಕ ಖಂಡದಿಂದ ಬಂದದ್ದು. ನೂರು ವರ್ಷಕ್ಕೂ ಹಿಂದೆ, ಇಂಗ್ಲಿಷರ ಕಾಲದಲ್ಲಿ ತಂದು ಹಾಕಿದರು. ಮಳೆ ಇಲ್ಲದಿದ್ದರೂ ಬೆಳೆಯುತ್ತದೆ, ಉರುವಲು ಸಿಗುತ್ತದೆ ಎಂಬುದು ಅವರ ಲೆಕ್ಕ. ಆಡು, ದನ ಇದರ ಕಾಯಿ ತಿನ್ನುತ್ತವೆ. ಬೀಜ ಹಿಕ್ಕೆಯಲ್ಲಿ, ಸಗಣಿಯಲ್ಲಿ ಬೀಳುತ್ತದೆ. ಬಿದ್ದಲ್ಲಿ ಮೊಳೆಯುತ್ತದೆ. ಯಾರೂ ಹಚ್ಚದೆ ಬೇಲಿ ಆಗುತ್ತದೆ! ಕಾಲುವೆಯ ದಂಡೆ ನೋಡಿದರೆ ಗೊತ್ತಾಗುತ್ತದೆ. ನೀರು ಕಂಡಲ್ಲಿ ಅದು ಅಡವಿಯಂತೆ ಎದ್ದು ನಿಲ್ಲುತ್ತದೆ.

ಇಂಥ ಬೇಲಿ ಒಂದು ಮಳೆಗಾಲದಲ್ಲಿ ಆಳೆತ್ತರ ಬೆಳೆಯುತ್ತದೆ. ಆಚೆ ಮನೆಯ ಗಿಡ ಈಚೆ ಮನೆಯ ಹಿತ್ತಲಿಗೆ ಬಾಗುತ್ತದೆ. ಆಗ ಪ್ರಶ್ನೆ ಏಳುತ್ತದೆ. ಕಡಿಯಬೇಕಾದವರು ಯಾರು?

ಎರಡು ಮನೆ, ಒಂದು ಬೇಲಿ

ಹೀಗೆ ತಿಳಿಯೋಣ. ಒಂದು ಊರು. ಎರಡು ಮನೆ. ನಡುವೆ ಜಾಲಿ ಬೇಲಿ. ಬೇಲಿ ಮೇಲಿನ ಮನೆಯವರದು. ಅವರ ಮಾವನ ಕಾಲದಿಂದ ಇದೆ.

ಕೆಳಗಿನ ಮನೆಯಾಕೆಯ ಗಂಡ ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋಗಿದ್ದಾನೆ. ಹಬ್ಬಕ್ಕೆ ಬರುತ್ತಾನೆ, ಮತ್ತೆ ಹೋಗುತ್ತಾನೆ. ನಮ್ಮ ತಾಲೂಕುಗಳಲ್ಲಿ ಇದು ಹೊಸ ಮಾತಲ್ಲ. ಮನೆಯಲ್ಲಿ ಆಕೆ, ಇಬ್ಬರು ಮಕ್ಕಳು, ಕಣ್ಣು ಕಾಣದ ಅತ್ತೆ. ಹಿತ್ತಲಲ್ಲಿ ನಾಲ್ಕು ಮಡಿ ಪಲ್ಯ. ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ಎರಡು ಬದನೆ ಸಾಲು. ಬಚ್ಚಲ ನೀರೇ ಅದಕ್ಕೆ ನೀರು. ಮನೆಗೆ ಸಾಕಾಗಿ ಉಳಿದದ್ದನ್ನು ಸಂತೆಗೆ ಒಯ್ಯುತ್ತಾಳೆ. ಆ ದುಡ್ಡು ಎಣ್ಣೆಗೆ, ಸೋಪಿಗೆ, ಮಕ್ಕಳ ಪಾಟಿ ಪುಸ್ತಕಕ್ಕೆ.

ಬೇಲಿ ಬಾಗಿತು. ಮೊದಲು ಒಂದು ಮಡಿಗೆ ನೆರಳು. ಆಮೇಲೆ ಎರಡು ಮಡಿಗೆ. ಬಿಸಿಲು ಇಲ್ಲದೆ ಮೆಂತ್ಯ ಹಳದಿ ಆಯಿತು. ಮುಳ್ಳು ಉದುರಿ ಸಣ್ಣ ಮಗನ ಕಾಲಿಗೆ ಚುಚ್ಚಿತು. ಜಾಲಿ ಮುಳ್ಳು ಒಳಗೇ ಮುರಿದರೆ ಕೀವು ಆಗುತ್ತದೆ. ಮಗನಿಗೆ ಹಾಗೇ ಆಯಿತು. ಎರಡು ದಿನದ ಕೂಲಿ ಬಿಟ್ಟು ದವಾಖಾನೆಗೆ ತಿರುಗಿದಳು.

ಆಕೆ ಬೇಲಿ ಹತ್ತಿರ ನಿಂತು ಕೂಗಿದಳು, "ನಿಮ್ಮ ಜಾಲಿ ನೀವು ಕಡೀರಿ. ನನ್ನ ಹಿತ್ತಲ ಹಾಳಾತು."

ಮೇಲಿನ ಮನೆಯಾಕೆ ಅಂದಳು, "ಗಿಡ ನಮ್ಮದು ಖರೆ. ಟೊಂಗಿ ನಿನ್ನ ಕಡೆ ಬಂದಾವ. ನಿನಗ ಬ್ಯಾಡಾದ್ರ ನೀನೇ ಕಡ್ಕೊ."

"ಕಡದ್ರ ಜಗಳ ತೆಗೀತೀರಿ."

"ಬುಡ ಮುಟ್ಟಿದ್ರ ತೆಗೀತೀವಿ ಮತ್ತ!"

ಇಲ್ಲಿಗೆ ನಿಲ್ಲಿಸಿರಿ. ಓದುವುದನ್ನು ಬಿಟ್ಟು ನಿಮ್ಮ ನಿಮ್ಮೊಳಗೆ ಮಾತಾಡಿರಿ. ಯಾರ ಮಾತು ಖರೆ?

ನನ್ನನ್ನು ಕೇಳಿದರೆ ಇಬ್ಬರ ಮಾತಿನಲ್ಲೂ ಒಂದಿಷ್ಟು ಖರೆ ಇದೆ.

ಕಾನೂನು ಏನು ಹೇಳುತ್ತದೆ?

ಬಾಗಿದ ಟೊಂಗೆಗಾಗಿಯೇ ನಮ್ಮ ದೇಶದಲ್ಲಿ ಒಂದು ಬೇರೆ ಕಾಯ್ದೆ ಇಲ್ಲ. ಕೋರ್ಟುಗಳು ತೀರ್ಪು ಕೊಡುತ್ತಾ ಬಂದ ಒಂದು ದಾರಿ ಇದೆ. ಆ ದಾರಿ ಹೀಗಿದೆ.

ಗಿಡದ ಬುಡ ಯಾರ ಜಾಗದಲ್ಲಿ ಇದೆಯೋ ಗಿಡ ಅವರದು. ಅದು ಪಕ್ಕದವರಿಗೆ ತೊಂದರೆ ಕೊಡದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ. ಟೊಂಗೆ ಪಕ್ಕದವರ ಹಿತ್ತಲಿಗೆ ಬಂದು ನಷ್ಟ ಮಾಡಿದರೆ ಅದನ್ನು ಕಾನೂನಿನ ಮಾತಿನಲ್ಲಿ 'ಉಪದ್ರವ' ಅನ್ನುತ್ತಾರೆ. ಉಪದ್ರವ ಅಂದರೆ ಕಾಟ. ಕಾಟ ನಿಲ್ಲಿಸಿರಿ ಎಂದು ಕೇಳುವ ಹಕ್ಕು ಪಕ್ಕದವರಿಗೆ ಇದೆ.

ಹೇಳಿದರೂ ಕಡಿಯದಿದ್ದರೆ? ತನ್ನ ಜಾಗದ ಮೇಲೆ ಬಂದಷ್ಟು ಟೊಂಗೆಯನ್ನು ಆಕೆ ಕಡಿಯಬಹುದು. ಆದರೆ ತನ್ನ ಜಾಗದಲ್ಲೇ ನಿಂತು ಕಡಿಯಬೇಕು. ಗಡಿಯ ತನಕ ಮಾತ್ರ ಕಡಿಯಬೇಕು. ಗಡಿ ದಾಟಿ ಒಂದು ಗೇಣೂ ಕಡಿಯಬಾರದು. ಕೇಳದೆ ಆಚೆ ಹಿತ್ತಲಿಗೆ ಕಾಲಿಡಬಾರದು. ಬುಡಕ್ಕೆ ಕೈ ಹಚ್ಚಬಾರದು.

ಈ ಜಗಳ ನಮ್ಮ ಹಳ್ಳಿಯದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿಯೂ ನಡೆದಿದೆ. ಅಲ್ಲಿ ಲೆಮನ್ ಎಂಬುವನ ದೊಡ್ಡ ದೊಡ್ಡ ಹಳೇ ಮರಗಳು ವೆಬ್ ಎಂಬುವನ ಜಾಗದ ಮೇಲೆ ಬಾಗಿದ್ದವು. ವೆಬ್ ಒಂದು ಮಾತೂ ಹೇಳದೆ ಟೊಂಗೆ ಕಡಿದುಬಿಟ್ಟ. ಲೆಮನ್ ಕೋರ್ಟಿಗೆ ಹೋದ. ಬಹಳ ವರ್ಷದಿಂದ ಹೀಗೇ ಬಾಗಿವೆ, ಅದು ನನ್ನ ಹಕ್ಕು ಆಗಿದೆ ಅಂದ. ಅಲ್ಲಿನ ಅತಿ ದೊಡ್ಡ ನ್ಯಾಯಪೀಠ 1894ರಲ್ಲಿ ತೀರ್ಪು ಕೊಟ್ಟಿತು. ಎಷ್ಟು ವರ್ಷ ಬಾಗಿದ್ದರೂ ಅದು ಹಕ್ಕು ಆಗುವುದಿಲ್ಲ. ವೆಬ್ ತನ್ನ ಜಾಗದಲ್ಲೇ ನಿಂತು ಕಡಿದಿದ್ದಾನೆ, ಆದ್ದರಿಂದ ತಪ್ಪಿಲ್ಲ. ಹೀಗೆಂದು ಹೇಳಿತು. ನಮ್ಮ ದೇಶದ ಕೋರ್ಟುಗಳೂ ಇದೇ ದಾರಿ ಹಿಡಿದಿವೆ.

ಹಾಗಾದರೆ "ಮಾವನ ಕಾಲದಿಂದ ಹೀಗೇ ಇದೆ" ಎಂಬ ಮಾತು ನಿಲ್ಲುವುದಿಲ್ಲ. ಹೌದಿಲ್ಲೋ?

ಆದರೂ ನಾನು ಒಂದು ಮಾತು ಹೇಳುತ್ತೇನೆ. ವೆಬ್ ಹೇಳದೆ ಕಡಿದು ಗೆದ್ದ. ನೀವು ಹೇಳಿಯೇ ಕಡಿಯಿರಿ. ಕೋರ್ಟಿನಲ್ಲಿ ಗೆದ್ದರೂ ಆಚೆ ಮನೆ ಆಚೆಯೇ ಇರುತ್ತದೆ. ನಡುರಾತ್ರಿ ಹೆರಿಗೆ ನೋವು ಬಂದರೆ ಮೊದಲು ಬಾಗಿಲು ಬಡಿಯುವುದು ಅದೇ ಮನೆಯದು.

ಕಡಿದ ಟೊಂಗೆ ಯಾರದು? ಇಲ್ಲಿ ಬಹಳ ಮಂದಿ ತಪ್ಪು ತಿಳಿದಿದ್ದಾರೆ. ನಮ್ಮ ಕಡೆ ಬಂದ ಮೇಲೆ ನಮ್ಮದೇ ಅನ್ನುತ್ತಾರೆ. ಅಲ್ಲ. ಟೊಂಗೆ, ಕಾಯಿ, ಹಣ್ಣು ಎಲ್ಲ ಗಿಡದವರದೇ. ಜಾಲಿ ಕಟ್ಟಿಗೆ ಒಲೆಗೆ ಬರುತ್ತದೆ. ಅದನ್ನು ಹೊರೆ ಕಟ್ಟಿ ನಿಮ್ಮ ಕೊಟ್ಟಿಗೆಗೆ ಹಾಕಿದರೆ ಹೊಸ ಜಗಳ. "ನಿಮ್ಮ ಕಟ್ಟಿಗೆ ಇಲ್ಲಿದೆ, ಒಯ್ಯಿರಿ" ಅಂತ ಹೇಳಿರಿ. "ನೀನೇ ಉರಿಸಿಕೊ" ಅಂದರೆ ಸರಿ. ನುಗ್ಗೆ ಗಿಡಕ್ಕೂ ಇದೇ ಮಾತು. ಕಾಯಿ ನಿಮ್ಮ ಕಡೆ ಜೋತಾಡಿದರೂ ಕೇಳಿ ಹರಿಯಿರಿ. ನಮ್ಮ ಹಳ್ಳಿಯಲ್ಲಿ ನಾಲ್ಕು ನುಗ್ಗೆಕಾಯಿ ಕೊಡುವುದಿಲ್ಲ ಅನ್ನುವವರು ಕಡಿಮೆ. ಕೇಳದೆ ಹರಿದರೆ ಮಾತ್ರ ಸಿಟ್ಟು.

ಇನ್ನು ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ರಾತ್ರಿ ಬುಡಕ್ಕೆ ಔಷಧಿ ಸುರಿಯುತ್ತಾರೆ. ಬೇಲಿಗೆ ಬೆಂಕಿ ಇಡುತ್ತಾರೆ. ಇದು ಅಪರಾಧ. ಬೇರೆಯವರ ಸ್ವತ್ತನ್ನು ಬೇಕಂತಲೇ ಕೆಡಿಸಿದರೆ ಪೊಲೀಸ್ ಕೇಸು ಆಗುತ್ತದೆ. ಬೇಸಗೆಯಲ್ಲಿ ಬೇಲಿಗೆ ಇಟ್ಟ ಬೆಂಕಿ ಬೇಲಿಯಲ್ಲೇ ನಿಲ್ಲುವುದಿಲ್ಲ. ಮೇವಿನ ಬಣವಿಗೆ ಹತ್ತುತ್ತದೆ, ಕೊಟ್ಟಿಗೆಗೆ ಹತ್ತುತ್ತದೆ.

ಇಡೀ ಮರ ಕಡಿಯುವ ಮಾತೇ ಬೇರೆ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ನಮ್ಮ ಜಾಗದ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಬೇಕು. ಕೆಲವು ಜಾತಿಯ ಮರಗಳಿಗೆ ಮಾತ್ರ ಈ ಕಟ್ಟು ಇಲ್ಲ. ಬೇವು, ಹುಣಸೆಯಂಥ ದೊಡ್ಡ ಮರ ಇದ್ದರೆ ಕೇಳಿಯೇ ಕೊಡಲಿ ಎತ್ತಿರಿ. ದೊಡ್ಡ ಟೊಂಗೆಗೂ ಕೇಳುವುದು ಒಳ್ಳೆಯದು.

ಗಡಿ ಎಲ್ಲಿದೆ?

ಗಡಿಯ ತನಕ ಕಡಿಯಬಹುದು ಅಂದೆವು. ಗಡಿ ಎಲ್ಲಿದೆ ಎಂಬುದೇ ಗೊತ್ತಿಲ್ಲದಿದ್ದರೆ?

ಇಲ್ಲಿ ನೀವು ಕಲಿತ ಅಕ್ಷರ ಕೆಲಸಕ್ಕೆ ಬರುತ್ತದೆ. ಮನೆಯ ಪತ್ರ ಪೆಟ್ಟಿಗೆಯಲ್ಲಿ ಇರುತ್ತದೆ. ಬಹಳ ಮಂದಿ ಅದನ್ನು ಅರಿಷಿಣ ಕುಂಕುಮ ಹಚ್ಚಿ ಇಟ್ಟಿರುತ್ತಾರೆ, ಒಮ್ಮೆಯೂ ಓದಿರುವುದಿಲ್ಲ. ಈಗ ತೆಗೆಯಿರಿ. ಅದರಲ್ಲಿ 'ಚಕ್ಕುಬಂದಿ' ಎಂಬ ಪದ ಹುಡುಕಿರಿ. ಚಕ್ಕುಬಂದಿ ಅಂದರೆ ನಾಲ್ಕೂ ಕಡೆಯ ಗಡಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರದು, ಉತ್ತರಕ್ಕೆ ದಾರಿಯೋ ಗೋಡೆಯೋ, ದಕ್ಷಿಣಕ್ಕೆ ಏನು. ಅಲ್ಲೇ ಉದ್ದ ಎಷ್ಟು, ಅಗಲ ಎಷ್ಟು ಎಂದು ಅಂಕಿಯಲ್ಲಿ ಬರೆದಿರುತ್ತದೆ. ಪತ್ರ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಬೇಕು. ಈಗ ಹಳ್ಳಿಯ ಮನೆಗಳಿಗೆ ಇ-ಸ್ವತ್ತು ಎಂಬ ಪತ್ರ ಕೊಡುತ್ತಾರೆ. ಪಟ್ಟಣದಲ್ಲಿದ್ದರೆ ನಗರಸಭೆಗೆ ಹೋಗಬೇಕು.

ಹೊಲದ ಬದುವಿನ ಗಡಿ ತಿಳಿಯದಿದ್ದರೆ ಅದಕ್ಕೆ ಸರ್ವೆ ಇದೆ. ನಾಡಕಚೇರಿಯಲ್ಲಿ 'ಹದ್ದುಬಸ್ತು' ಬೇಕು ಎಂದು ಅರ್ಜಿ ಕೊಡಬೇಕು, ಶುಲ್ಕ ಕಟ್ಟಬೇಕು. ಸರ್ವೆಯವರು ಅಕ್ಕಪಕ್ಕದವರಿಗೂ ನೋಟಿಸು ಕೊಟ್ಟು, ಬಂದು ಅಳೆದು ಗಡಿ ತೋರಿಸುತ್ತಾರೆ. ಗಡಿಯ ಕಲ್ಲಿಗೆ ಬಾಂದು ಕಲ್ಲು ಅನ್ನುತ್ತಾರೆ. ಅದನ್ನು ಕಾಯುವುದು ಹೊಲದವರ ಕೆಲಸ. ಕಿತ್ತರೆ, ಸರಿಸಿದರೆ ತಪ್ಪು.

ಬೇಲಿಯ ಬುಡ ಸರಿಯಾಗಿ ಗಡಿಯ ಮೇಲೇ ಇದ್ದರೆ? ಆಗ ಅದು ಇಬ್ಬರದೂ. ಖರ್ಚೂ ಇಬ್ಬರದು, ಕಟ್ಟಿಗೆಯೂ ಇಬ್ಬರದು. ಒಬ್ಬರೇ ಹೋಗಿ ಬುಡ ಸಮೇತ ಕೀಳುವ ಹಾಗಿಲ್ಲ.

ಕಡಿಯುವ ದಿನ

ಈಗ ಕಡಿಯುವ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ಓದಿರಿ.

ಮೊದಲು ಮೇಲೆ ನೋಡಿರಿ. ಕರೆಂಟಿನ ತಂತಿ ಇದೆಯೇ? ಟೊಂಗೆ ತಂತಿಗೆ ತಾಗಿದ್ದರೆ ಕೊಡಲಿ ಎತ್ತಬೇಡಿರಿ. ಹಸಿ ಟೊಂಗೆಯಲ್ಲಿ ಕರೆಂಟು ಹರಿಯುತ್ತದೆ. ಜೆಸ್ಕಾಂನವರಿಗೆ ಹೇಳಿರಿ. 1912ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅವರು ಲೈನ್ ಬಂದ್ ಮಾಡಿ ಕಡಿಸುತ್ತಾರೆ.

ಆಮೇಲೆ ಬುಡದ ಕಡೆ ನೋಡಿರಿ. ದಟ್ಟ ಬೇಲಿಯಲ್ಲಿ ಹಾವು ಇರುತ್ತದೆ, ಚೇಳು ಇರುತ್ತದೆ. ಉದ್ದ ಕೋಲಿನಿಂದ ಬಡಿದು ಸದ್ದು ಮಾಡಿರಿ. ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿರಿ. ಕಾಲಲ್ಲಿ ಗಟ್ಟಿ ಚಪ್ಪಲಿ ಇರಲಿ. ಹವಾಯಿ ಚಪ್ಪಲಿಯನ್ನು ಜಾಲಿ ಮುಳ್ಳು ದಾಟಿ ಬರುತ್ತದೆ. ಗಂಡಸರ ಹಳೇ ತುಂಬುತೋಳಿನ ಅಂಗಿ ಸೀರೆಯ ಮೇಲೆ ಹಾಕಿಕೊಂಡರೆ ಮೈ ಗೀರುವುದಿಲ್ಲ. ನಾಚಿಕೆ ಏನಿದೆ ಅದರಲ್ಲಿ?

ಕಡ್ಡಿಗಳ್ಳಿ ಬೇಲಿಯಾದರೆ ಕಣ್ಣು ಜೋಪಾನ. ಅದರ ಹಾಲು ಕಣ್ಣಿಗೆ ಹಾರಿದರೆ ಉರಿಯುತ್ತದೆ, ದೃಷ್ಟಿಗೇ ಕುತ್ತು ಬರಬಹುದು. ಹಾರಿದರೆ ತಿಕ್ಕಬೇಡಿರಿ. ತಿಳಿ ನೀರು ಹಾಕುತ್ತಾ ಹಾಕುತ್ತಾ ಬಹಳ ಹೊತ್ತು ತೊಳೆಯಿರಿ. ಕೂಡಲೇ ದವಾಖಾನೆಗೆ ಹೋಗಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿರಿ.

ದಪ್ಪ ಟೊಂಗೆಯನ್ನು ಮೇಲಿನಿಂದ ಒಂದೇ ಸಮ ಕಡಿದರೆ ಅದು ಅರ್ಧಕ್ಕೆ ಮುರಿದು ಬುಡದ ತೊಗಟೆಯನ್ನೂ ಸೀಳಿಕೊಂಡು ಬೀಳುತ್ತದೆ. ಮೊದಲು ಟೊಂಗೆಯ ಕೆಳಗೆ ಒಂದು ಕಚ್ಚು ಹಾಕಿರಿ. ಆಮೇಲೆ ಮೇಲಿನಿಂದ ಕಡಿಯಿರಿ. ಗಿಡಕ್ಕೂ ಗಾಯ ಕಡಿಮೆ, ಕೆಳಗೆ ನಿಂತವರಿಗೂ ಭಯ ಇಲ್ಲ.

ಯಾವಾಗ ಕಡಿಯಬೇಕು? ನಮ್ಮ ಕಡೆ ಮಳೆಗಾಲ ಬರುವ ಮುಂಚೆ ಕಡಿದರೆ ಚಲೋ. ಹೊಲದ ಕೆಲಸ ಕಡಿಮೆ ಇರುತ್ತದೆ. ಕಟ್ಟಿಗೆ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಜಾಲಿ ಗಿಡದಲ್ಲಿ ಗೀಜಗ ಗೂಡು ಕಟ್ಟುತ್ತದೆ. ಮರಿ ಇರುವ ಗೂಡಿದ್ದರೆ ಆ ಟೊಂಗೆ ಒಂದಿಷ್ಟು ದಿನ ಬಿಡಿರಿ.

ಜಾಲಿಯ ಗುಣ ಇನ್ನೊಂದು ಇದೆ. ಕಡಿದಷ್ಟೂ ಚಿಗುರುತ್ತದೆ. ಒಂದು ಟೊಂಗೆ ಕಡಿದ ಕಡೆ ನಾಲ್ಕು ಬರುತ್ತವೆ. ಆದ್ದರಿಂದ ವರ್ಷಕ್ಕೆ ಒಮ್ಮೆಯಾದರೂ ಕಡಿಯಲೇಬೇಕು. ಗಿಡದ ಮನೆಯವರೇ ಒಪ್ಪಿದರೆ ಬುಡ ಅಗೆದು ಬೇರಿನ ಗಡ್ಡೆ ಸಮೇತ ತೆಗೆದು, ಆ ಜಾಗದಲ್ಲಿ ಗೋರಂಟಿ ಹಚ್ಚಬಹುದು. ಗೋರಂಟಿ ಬೇಲಿ ಮಾತು ಕೇಳುತ್ತದೆ. ಕತ್ತರಿಸಿದಂತೆ ನಿಲ್ಲುತ್ತದೆ. ಕೈಗೆ ಹಚ್ಚಿಕೊಳ್ಳಲು ಎಲೆಯೂ ಆಯಿತು. ಆದರೆ ಅದರಲ್ಲಿ ಆಡು ತಡೆಯುವ ಮುಳ್ಳು ಜಾಲಿಯಷ್ಟು ಇಲ್ಲ, ಅದನ್ನೂ ನೆನಪಿಡಿರಿ.

ಕಡಿದ ಮುಳ್ಳನ್ನು ದಾರಿಗೆ ಎಸೆಯಬೇಡಿರಿ. ನಿಮ್ಮ ಮಗನ ಕಾಲಿಗೆ ಚುಚ್ಚಿದ್ದು ನಾಳೆ ಮತ್ತೊಬ್ಬರ ಮಗನಿಗೆ ಚುಚ್ಚುತ್ತದೆ.

ಕೇಳದಿದ್ದರೆ?

ಮೇಲಿನ ಮನೆಯವರು ಏನು ಹೇಳಿದರೂ ಕೇಳುವುದಿಲ್ಲ, ಕಡಿಯಲೂ ಬಿಡುವುದಿಲ್ಲ ಅನ್ನೋಣ. ಕೊಡಲಿ ಹಿಡಿದು ಎದುರು ಎದುರು ನಿಲ್ಲುವುದು ಬೇಡ.

ಊರ ಹಿರಿಯರ ಮುಂದೆ ಹೇಳಬಹುದು. ಇಲ್ಲಿ ನನಗೆ ಒಂದು ಅಸಮಾಧಾನ ಇದೆ. ಹಿರಿಯರು ಕಟ್ಟೆಯ ಮೇಲೆ ಕೂರುತ್ತಾರೆ. ಹೆಂಗಸು ಮೂಲೆಯಲ್ಲಿ ನಿಲ್ಲುತ್ತಾಳೆ. "ಗಂಡನ್ನ ಕಳಸು" ಅನ್ನುತ್ತಾರೆ. ಗಂಡ ಬೆಂಗಳೂರಿನಲ್ಲಿ. ಹಿತ್ತಲು ನೋಡಿಕೊಳ್ಳುವವಳು ಈಕೆ. ಆದ್ದರಿಂದ ಒಬ್ಬಳೇ ಹೋಗಬೇಡಿರಿ. ಸಂಘದ ಇಬ್ಬರು ಅಕ್ಕಂದಿರನ್ನು ಕರೆದುಕೊಂಡು ಹೋಗಿರಿ. ಮೂರು ಜನ ನಿಂತರೆ ಮಾತಿಗೆ ತೂಕ ಬರುತ್ತದೆ.

ಟೊಂಗೆ ಬಾಗಿದ್ದು ಊರ ದಾರಿಯ ಮೇಲಾದರೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿರಿ. ದಾರಿಯ ಅಡಚಣೆ ತೆಗೆಸುವುದು ಪಂಚಾಯಿತಿಯ ಕೆಲಸ.

ಇದೂ ಸಾಗದಿದ್ದರೆ ಕಾನೂನು ಸೇವೆ ಇದೆ. 1987ರಲ್ಲಿ ಒಂದು ಕಾಯ್ದೆ ಆಯಿತು. ಅದರ ಪ್ರಕಾರ ಹೆಂಗಸರಿಗೆ ವಕೀಲರ ನೆರವು ಉಚಿತ. ಬಡವಳಿರಲಿ, ಇದ್ದವಳಿರಲಿ, ಹೆಂಗಸು ಎಂದರೆ ಸಾಕು. ಆದಾಯದ ಲೆಕ್ಕ ಕೇಳುವಂತಿಲ್ಲ. ಶಹಾಪುರ, ಸುರಪುರದ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಯಾದಗಿರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆ ಆಯಿತು. ಅದಕ್ಕೂ ಮುಂಚೆ ಜಿಲ್ಲೆಯ ಕೆಲಸ ಅಂದರೆ ಗುಲ್ಬರ್ಗದ ಬಸ್ಸು ಹತ್ತಬೇಕಿತ್ತು. ಈಗ ಅಷ್ಟು ದೂರ ಇಲ್ಲ. ಬಸ್ಸೇ ಬೇಡವೆಂದರೆ 15100ಕ್ಕೆ ಫೋನ್ ಮಾಡಿ ಕೇಳಬಹುದು.

ಅಲ್ಲಿ ಲೋಕ ಅದಾಲತ್ ನಡೆಯುತ್ತದೆ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತಾರೆ. ಕೋರ್ಟು ಫೀ ಇಲ್ಲ. ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಏನು ಬರೆದಿದ್ದಾರೆ ಎಂದು ಪೂರ್ತಿ ಓದಿ ಆಮೇಲೆ ಸಹಿ ಮಾಡಿರಿ. ಓದಲು ಹೊತ್ತು ಹಿಡಿದರೆ ಹಿಡಿಯಲಿ. "ಸ್ವಲ್ಪ ತಡೀರಿ, ಓದತೀನಿ" ಅನ್ನಿರಿ.

ಒಂದು ಚೀಟಿ

ನಮ್ಮ ಪಾಠದ ಎರಡು ಮನೆಯವರು ಹಿರಿಯರ ತನಕವೂ ಹೋಗಲಿಲ್ಲ ಅನ್ನೋಣ. ಸಂಘದ ಸಭೆಯ ದಿನ ಪಕ್ಕ ಪಕ್ಕ ಕೂತರು. ಕೆಳಗಿನ ಮನೆಯಾಕೆ ಮಗನ ಕಾಲು ತೋರಿಸಿದಳು. ಮೇಲಿನ ಮನೆಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕಡಿಯಾಕ ಆಳಿಗೆ ಕೂಲಿ ಯಾರು ಕೊಡ್ತಾರವ್ವ? ನಮ್ಮನ್ಯಾಗೂ ಅವರು ಊರಾಗಿಲ್ಲ" ಅಂದಳು. ಜಗಳದ ಬೇರು ಅಲ್ಲಿತ್ತು. ಎರಡೂ ಮನೆಯಲ್ಲಿ ಕಡಿಯುವ ಕೈ ಇರಲಿಲ್ಲ.

ಕೂಲಿಯ ಮಾತು ಮೊದಲೇ ಆಡಿಕೊಳ್ಳಬೇಕು. ಕಡಿಸಿದ ಮೇಲೆ ದುಡ್ಡು ಕೇಳಿದರೆ ಬರುತ್ತದೆಂಬ ನಂಬಿಕೆ ಇಲ್ಲ. ಅವರು ಹೀಗೆ ಒಂದು ಚೀಟಿ ಬರೆದರು. ಗಟ್ಟಿಯಾಗಿ ಓದಿರಿ.

"ದಿನಾಂಕ ........ ನಮ್ಮಿಬ್ಬರ ಹಿತ್ತಲ ನಡುವಿನ ಜಾಲಿ ಬೇಲಿ ಮೇಲಿನ ಮನೆಯವರದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವರು ಅದನ್ನು ಎದೆಯೆತ್ತರಕ್ಕೆ ಕಡಿಸತಕ್ಕದ್ದು. ಆಳಿನ ಕೂಲಿ ಅವರದು. ಕೆಳಗಿನ ಮನೆಯವರು ಆ ದಿನ ತಮ್ಮ ಹಿತ್ತಲಿಗೆ ಬರಲು ಬಿಡತಕ್ಕದ್ದು, ಮುಳ್ಳು ಆರಿಸಲು ಕೈ ಹಚ್ಚತಕ್ಕದ್ದು. ಕಟ್ಟಿಗೆಯಲ್ಲಿ ಮೂರರಲ್ಲಿ ಒಂದು ಪಾಲು ಕೆಳಗಿನ ಮನೆಗೆ. ನಡುವೆ ಟೊಂಗೆ ಬಾಗಿದರೆ ಕೆಳಗಿನ ಮನೆಯವರು ಹೇಳಿ ತಮ್ಮ ಕಡೆಯದನ್ನು ಕಡಿದುಕೊಳ್ಳಬಹುದು. ಸಹಿ ........ ಸಹಿ ........ ಸಾಕ್ಷಿ ........"

ಎರಡು ಪ್ರತಿ ಬರೆದು ಒಂದೊಂದು ಮನೆಯಲ್ಲಿ ಒಂದೊಂದು ಇಟ್ಟರು. ಇಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ.

ಈಗ ನಿಮ್ಮ ಕೆಲಸ. ಈ ಚೀಟಿಯನ್ನು ನಿಮ್ಮ ಪಟ್ಟಿಯಲ್ಲಿ ಬರೆಯಿರಿ. ಜಾಲಿ ಇದ್ದ ಕಡೆ ನಿಮ್ಮ ಬೇಲಿಯ ಗಿಡದ ಹೆಸರು ಹಾಕಿರಿ. 'ಚಕ್ಕುಬಂದಿ', 'ಹದ್ದುಬಸ್ತು', 'ಉಪದ್ರವ' ಈ ಮೂರು ಪದಗಳಲ್ಲಿ ಒತ್ತಕ್ಷರ ಎಲ್ಲೆಲ್ಲಿ ಬಂದಿದೆ ನೋಡಿರಿ, ಗೆರೆ ಎಳೆಯಿರಿ. ಮನೆಗೆ ಹೋಗಿ ಪತ್ರ ತೆಗೆದು ನಾಲ್ಕು ದಿಕ್ಕಿನ ಗಡಿ ಓದಿರಿ. ನಾಳೆ ರಾತ್ರಿ ಕೇಂದ್ರಕ್ಕೆ ಬರುವಾಗ ಅದನ್ನು ಬರೆದುಕೊಂಡು ಬನ್ನಿರಿ.